ಒಲಿ ಹಚ್ಚದ ಬುತ್ತಿ

ತವಾ ಬೇಡ, ಗ್ಯಾಸ್ ಬೇಡ, ಹತ್ತು ನಿಮಿಷ ಸಾಕು. ಸಸ್ಯಾಹಾರಿ ಸ್ಯಾಂಡ್‌ವಿಚ್‌ ಕೆಡಿಸುವುದು ಕೈಯಲ್ಲ, ನೀರು! ಆ ನೀರನ್ನು ಅಂಕೆಯಲ್ಲಿಡುವ ಉಪಾಯವನ್ನು ಕೃಷ್ಣೆಯ ದಂಡೆಯ ಜನ ಬುತ್ತಿ ಕಟ್ಟುವಾಗಲೇ ಕಂಡುಕೊಂಡಿದ್ದರು.

ಏಪ್ರಿಲ್ ತಿಂಗಳ ಮಟಮಟ ಮಧ್ಯಾಹ್ನ. ಅಥಣಿ ಕಡೆಯ ಹಳ್ಳಿಯೊಂದರ ಮನೆ. ಕರೆಂಟು ಹೋಗಿ ತಾಸಾಗಿದೆ. ಮುಂಜಾನೆ ಸಾಲಿ ಮುಗಿಸಿ ಬಂದ ಹುಡುಗ ಚೀಲವನ್ನು ಹೊಸ್ತಿಲಲ್ಲೇ ಒಗೆದು, ‘ಆಯಿ, ಹೊಟ್ಟಿ ಹಸದೈತಿ’ ಅನ್ನುತ್ತಾನೆ. ಪಡಸಾಲೆಯ ಕಂಬಕ್ಕೆ ಆತು ಕುಳಿತ ಆಯಿ ಕದಲುವುದಿಲ್ಲ.

‘ಈ ಬಿಸಲಾಗ ನಾ ಒಲಿ ಹಚ್ಚಂಗಿಲ್ಲ ನೋಡಪಾ. ಬುಟ್ಟ್ಯಾಗ ರೊಟ್ಟಿ ಅದಾವು, ಡಬ್ಬ್ಯಾಗ ಹಿಂಡಿ ಐತಿ. ತಗೊಂಡು ತಿನ್ನು.’

ಹುಡುಗನಿಗೆ ಹೆಚ್ಚು ಹೇಳಬೇಕಾಗಿಲ್ಲ. ಬುಟ್ಟಿಯ ಮೇಲಿನ ಅರಿವೆ ಸರಿಸಿ ಖಡಕ್ ರೊಟ್ಟಿಯೊಂದನ್ನು ತೆಗೆಯುತ್ತಾನೆ. ಅಂಗೈಯಲ್ಲಿ ನೀರು ಹಿಡಿದು ಎರಡೂ ಬದಿಗೆ ಚಿಮುಕಿಸಿ, ಒದ್ದೆ ಅರಿವೆಯಲ್ಲಿ ಸುತ್ತಿಡುತ್ತಾನೆ. ಅಷ್ಟರಲ್ಲಿ ಉಳ್ಳಾಗಡ್ಡಿಯೊಂದನ್ನು ನೆಲದ ಮೇಲಿಟ್ಟು ಮುಷ್ಟಿಯಿಂದ ಗುದ್ದುತ್ತಾನೆ. ಚಾಕುವಿನಿಂದ ಹೆಚ್ಚಿದ್ದಕ್ಕಿಂತ ಗುದ್ದಿದ ಉಳ್ಳಾಗಡ್ಡಿಯೇ ರುಚಿ ಎಂಬುದರಲ್ಲಿ ಈ ಸೀಮೆಯಲ್ಲಿ ಎರಡು ಮಾತಿಲ್ಲ. ಮೆತ್ತಗಾದ ರೊಟ್ಟಿಯ ಮೇಲೆ ಗಟ್ಟಿ ಮೊಸರು ಸವರಿ, ಶೇಂಗಾ ಹಿಂಡಿ (ಚಟ್ನಿಪುಡಿ) ಉದುರಿಸಿ, ಉಳ್ಳಾಗಡ್ಡಿ, ಸವತಿಕಾಯಿ ಹರವಿ, ಸುರುಳಿ ಸುತ್ತಿ ಬಾಯಿಗಿಡುತ್ತಾನೆ. ಪೇಟೆಯಲ್ಲಿ ಇದನ್ನೇ ಬೆಳ್ಳಿಬಣ್ಣದ ಹಾಳೆಯಲ್ಲಿ ಸುತ್ತಿ, ‘ಮಿಲೆಟ್ ರ‍್ಯಾಪ್’ ಅಂತ ಚೀಟಿ ಅಂಟಿಸಿದರೆ ದರ ಮೂರಂಕಿ ಮುಟ್ಟುತ್ತದೆ.

ಬೇಸಿಗೆ ರಜೆಯ ಹೊತ್ತಿಗೆ ‘ಮಕ್ಕಳೇ ಮಾಡಿಕೊಳ್ಳುವ, ಬೆಂಕಿ ಮುಟ್ಟದ ತಿಂಡಿ’ಗಳ ವಿಡಿಯೊಗಳು ಮೊಬೈಲಿನ ತುಂಬ ಹರಿದಾಡುತ್ತವೆ. ಬಿಳಿ ಬ್ರೆಡ್ಡು, ಬಾಟಲಿಯ ಮೆಯೊನೇಸ್, ಪ್ಯಾಕೆಟ್ಟಿನ ಚೀಸು. ಚಿಕ್ಕೋಡಿ, ನಿಪ್ಪಾಣಿಯ ಮನೆಗಳಲ್ಲೂ ಅದನ್ನು ನೋಡಿಕೊಂಡೇ ಮಾಡುತ್ತಾರೆ. ಮಾಡಿದ ಅರ್ಧ ತಾಸಿಗೆ ಬ್ರೆಡ್ಡು ಹಸಿಬಿಸಿಯಾಗಿ ಕೈಗಂಟುತ್ತದೆ. ಇಲ್ಲಿ ಸೋಲುವುದು ಕೈಗುಣವಲ್ಲ, ಲೆಕ್ಕ. ಸವತಿಕಾಯಿಯಲ್ಲಿ ನೂರಕ್ಕೆ 95 ಪಾಲು, ಟೊಮೆಟೊದಲ್ಲಿ 94 ಪಾಲು ನೀರೇ. ಉಪ್ಪು ಬಿದ್ದ ಕೂಡಲೇ ಆ ನೀರು ಹೊರಗೆ ಬರುತ್ತದೆ, ಬ್ರೆಡ್ಡು ಹೀರುತ್ತದೆ.

ಹಸಿ ತರಕಾರಿಯ ಸ್ಯಾಂಡ್‌ವಿಚ್ ಮಾಡುವುದೆಂದರೆ ಮುಖ್ಯವಾಗಿ ಈ ನೀರಿನ ಜೊತೆ ವ್ಯವಹರಿಸುವುದು. ಆ ವ್ಯವಹಾರದಲ್ಲಿ ಬುತ್ತಿ ಕಟ್ಟುವ ಊರಿನವರಿಗೆ ಪೇಟೆಯವರಿಗಿಂತ ಹೆಚ್ಚು ಅನುಭವ.

ಒಣದು ಒಂದು ಕಡೆ, ಹಸಿದು ಇನ್ನೊಂದು ಕಡೆ

ಬೆಳಗಾವಿ ಜಿಲ್ಲೆಯ ಈ ಉತ್ತರದ ತುದಿ ಒಂದೇ ಬಗೆಯ ನೆಲವಲ್ಲ. ಪಶ್ಚಿಮಕ್ಕೆ ನಿಪ್ಪಾಣಿ, ಸಹ್ಯಾದ್ರಿಯ ಮಳೆಯ ಸೆರಗು ಅಲ್ಲಿಯವರೆಗೂ ತಾಗುತ್ತದೆ, ತಂಬಾಕು ಅಲ್ಲಿನ ಹಳೆಯ ವ್ಯಾಪಾರ, ಮರಾಠಿ ಮಾತು ಮನೆಮನೆಯಲ್ಲಿ. ಪೂರ್ವಕ್ಕೆ ಅಥಣಿ, ಮಳೆ ಕಡಿಮೆ, ಹಿಂಗಾರಿ ಜೋಳದ ಸೀಮೆ, ಈಗೀಗ ದ್ರಾಕ್ಷಿ. ನಡುವೆ ಕೃಷ್ಣೆಯ ನೀರುಂಡ ಚಿಕ್ಕೋಡಿ, ರಾಯಬಾಗ, ಕಾಗವಾಡದ ಕಬ್ಬಿನ ಗದ್ದೆಗಳು. ಚಿಕ್ಕೋಡಿಯಿಂದ ಒಡೆದು ನಿಪ್ಪಾಣಿ, ಅಥಣಿಯಿಂದ ಒಡೆದು ಕಾಗವಾಡ ಬೇರೆ ತಾಲ್ಲೂಕುಗಳಾದವು. ಬುತ್ತಿಗಂಟು ಮಾತ್ರ ಒಡೆದಿಲ್ಲ.

ಖಡಕ್ ರೊಟ್ಟಿಯ ರೂಢಿ ಪೂರ್ವಕ್ಕೆ ಹೋದಷ್ಟೂ ಜೋರು. ನಿಪ್ಪಾಣಿ ಕಡೆ ಮೆತ್ತನೆಯ ಭಾಕರಿ, ಅದರ ಜೊತೆಗೆ ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಶೇಂಗಾ ಕುಟ್ಟಿದ ಖರ್ಡಾ. ಅಥಣಿ ಕಡೆ ರೊಟ್ಟಿಯ ಜೊತೆಗೆ ಶೇಂಗಾ, ಅಗಸಿ, ಗುರೆಳ್ಳಿನ ಹಿಂಡಿ. ಚಳಿಗಾಲವಾದರೆ ಮೆಂತೆ ತಪ್ಪಲ, ಹಕ್ಕರಿಕಿ, ಉಳ್ಳಾಗಡ್ಡಿ ತಪ್ಪಲ ಹಸಿಯಾಗಿಯೇ ತಟ್ಟೆಗೆ ಬರುತ್ತವೆ. ಬೇಯಿಸಿದ ಪಲ್ಯ ಇದ್ದರೆ ಇರಲಿ, ಇಲ್ಲದಿದ್ದರೂ ಊಟ ನಿಲ್ಲುವುದಿಲ್ಲ.

ಹೊಲಕ್ಕೆ ಹೋಗುವವರು ನಸುಕಿನಲ್ಲಿ ಕಟ್ಟಿದ ಬುತ್ತಿ ಬಿಚ್ಚುವುದು ನೆತ್ತಿಯ ಮೇಲೆ ಸೂರ್ಯ ಬಂದಾಗ. ಆರು ತಾಸು ಬಟ್ಟೆಯೊಳಗೆ ಇದ್ದೂ ರೊಟ್ಟಿ ಕೆಡಬಾರದು, ಹಳಸಬಾರದು. ಹಾಗಾಗಿ ಬುತ್ತಿಗೆ ಬಾಯಿಮಾತಿನ ಕಟ್ಟಳೆಯೊಂದಿದೆ: ಒಣದರ ಜೊತೆ ಒಣದು ಮಾತ್ರ. ರೊಟ್ಟಿಯ ಮಡಿಕೆಯೊಳಗೆ ಹಿಂಡಿ ಹೋಗುತ್ತದೆ, ಮೊಸರು ಬೇರೆ ಡಬ್ಬಿಯಲ್ಲಿ, ಉಳ್ಳಾಗಡ್ಡಿ ಇಡಿಯಾಗಿ. ಅವೆಲ್ಲ ಒಂದಾಗುವುದು ತಿನ್ನುವ ಕ್ಷಣದಲ್ಲಿ, ಬೇವಿನ ಗಿಡದ ನೆರಳಲ್ಲಿ.

ಅಕ್ಟೋಬರ್–ನವೆಂಬರ್‌ಗೆ ಸಕ್ಕರೆ ಕಾರ್ಖಾನೆಗಳ ಭೋಂಗಾ ಕೂಗಿತೆಂದರೆ ಮರಾಠವಾಡದ ಬೀಡ ಕಡೆಯಿಂದ ಕಬ್ಬು ಕಡಿಯುವ ಗ್ಯಾಂಗುಗಳು ಬಂದಿಳಿಯುತ್ತವೆ. ಗದ್ದೆಯಂಚಿನ ಗುಡಿಸಲುಗಳಲ್ಲಿ ಕತ್ತಲಿರುವಾಗಲೇ ಭಾಕರಿ ಬಡಿಯುವ ಸದ್ದು. ಅಲ್ಲೂ ಇದೇ ಕಟ್ಟಳೆ. ರಾಯಬಾಗ ತಾಲ್ಲೂಕಿನ ಚಿಂಚಲಿ ಮಾಯಕ್ಕನ ಜಾತ್ರೆಗೆ ಭಾರತ ಹುಣ್ಣಿಮೆಯ ಹೊತ್ತಿಗೆ ಎರಡೂ ರಾಜ್ಯಗಳಿಂದ ಚಕ್ಕಡಿ ಕಟ್ಟಿಕೊಂಡು ಬರುವವರ ಗಂಟಿನಲ್ಲೂ ದಾರಿಗಾಗಿ ಇರುವುದು ರೊಟ್ಟಿ, ಹಿಂಡಿ.

ರೊಟ್ಟಿ ಇಷ್ಟು ತಾಳಿಕೆ ಬರುವುದು ಅದರ ಹಿಟ್ಟಿನ ಗುಣದಿಂದ. ಜೋಳದಲ್ಲಿ ಗೋಧಿಯಂತೆ ಜಿಗುಟು ಹಿಡಿಯುವ ಗ್ಲುಟೆನ್ ಇಲ್ಲ. ಕುದಿಯುವ ನೀರು ಹಾಕಿ ನಾದಿದಾಗ ಪಿಷ್ಟವೇ ಬೆಂದು ಹಿಟ್ಟನ್ನು ಹಿಡಿದಿಡುತ್ತದೆ. ಲಟ್ಟಣಿಗೆ ಒಗ್ಗದ ಈ ಹಿಟ್ಟನ್ನು ತಟ್ಟಿಯೇ ತೆಳ್ಳಗೆ ಮಾಡಬೇಕು. ಬೆಂದ ರೊಟ್ಟಿಯನ್ನು ಒಲೆಯ ಕಾವಿಗೆ ಒರಗಿಸಿ ಒಣಗಿಸಿದರೆ ತೇವವೆಲ್ಲ ಹೋಗಿ ವಾರಗಟ್ಟಲೆ ಕೆಡುವುದಿಲ್ಲ. ಒಂದು ದಿನ ಬೆವರು ಸುರಿಸಿದರೆ ಮುಂದಿನ ಎಷ್ಟೋ ಮಧ್ಯಾಹ್ನ ಒಲೆಯ ಹಂಗಿಲ್ಲ.

ಹೊಳೆ ಬಂದಾಗ

ಒಲೆ ಹಚ್ಚದ ಊಟ ಬೇಸಿಗೆಯ ಸೋಮಾರಿತನಕ್ಕಷ್ಟೇ ಅಲ್ಲ ಎಂಬುದು ಈ ಸೀಮೆಗೆ ಚೆನ್ನಾಗಿ ಗೊತ್ತಿರುವುದು 2019ರ ಆಗಸ್ಟ್‌ನಿಂದ.

ಮಹಾರಾಷ್ಟ್ರದ ಘಟ್ಟದಲ್ಲಿ ಮಳೆ ಸುರಿದು, ಕೊಯ್ನಾದ ನೀರೂ ಸೇರಿ ಕೃಷ್ಣೆ ಏರಿದಳು. ದೂಧಗಂಗಾ, ವೇದಗಂಗಾ ಹಿಂದೆ ಬೀಳಲಿಲ್ಲ. ಪ್ರತಿ ಮಳೆಗಾಲದಲ್ಲೂ ಮೊದಲು ಮುಳುಗುವ ಕಲ್ಲೋಳ–ಯಡೂರ ಸೇತುವೆ, ಕುಡಚಿ–ಉಗಾರ ಸೇತುವೆಗಳ ಮಾತು ಬಿಡಿ, ನಿಪ್ಪಾಣಿ ಹತ್ತಿರ ಯಮಗರ್ಣಿಯಲ್ಲಿ ಪುಣೆ–ಬೆಂಗಳೂರು ಹೆದ್ದಾರಿಯ ಮೇಲೇ ನೀರು ಬಂತು. ಲಾರಿಗಳು ಸಾಲುಗಟ್ಟಿ ನಿಂತವು. ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡದ ಹೊಳೆಸಾಲಿನ ಹಳ್ಳಿಗಳ ಜನ ದನಕರುಗಳ ಸಮೇತ ಗಂಜಿ ಕೇಂದ್ರಗಳಿಗೆ ಬಂದರು.

ಕಟ್ಟಿಗೆ ಒದ್ದೆ, ಗ್ಯಾಸಿನ ಗಾಡಿ ಬರುವಂತಿಲ್ಲ. ಆಗ ಉತ್ತರ ಕರ್ನಾಟಕದ ಒಣಸೀಮೆಯ ಊರುಗಳಲ್ಲಿ ಮಠಗಳ ಅಂಗಳ, ಮನೆಯ ಪಡಸಾಲೆ, ಕಲ್ಯಾಣ ಮಂಟಪಗಳಲ್ಲಿ ಹೆಂಗಸರು ಸಾಲಾಗಿ ಕುಳಿತು ರೊಟ್ಟಿ ತಟ್ಟಿದರು. ಚೀಲಗಟ್ಟಲೆ ಖಡಕ್ ರೊಟ್ಟಿ, ಅದರ ಜೊತೆ ಶೇಂಗಾ ಚಟ್ನಿಪುಡಿಯ ಪೊಟ್ಟಣಗಳು ನೆರೆ ಬಂದ ಊರುಗಳ ದಾರಿ ಹಿಡಿದವು. ಅನ್ನ-ಸಾರು ಕಳಿಸಿದರೆ ದಾರಿಯಲ್ಲೇ ಹಳಸುತ್ತಿತ್ತು. ಬ್ರೆಡ್ಡು, ಬಿಸ್ಕೀಟು ಬಂದವು, ನಿಜ. ಬ್ರೆಡ್ಡಿಗೆ ಮಳೆಗಾಲದ ತೇವದಲ್ಲಿ ಬೂಸ್ಟು ಹತ್ತಲು ಎರಡು-ಮೂರು ದಿನ ಸಾಕು. ರೊಟ್ಟಿ-ಹಿಂಡಿ ಮಾತ್ರ ತಟ್ಟೆಯಿಲ್ಲದೆ, ಚಮಚವಿಲ್ಲದೆ, ಬಿಸಿ ಮಾಡದೆ ಹೊಟ್ಟೆಗೆ ಆಸರೆಯಾಯಿತು.

ಶೇಂಗಾದಲ್ಲಿ ಹೆಚ್ಚುಕಡಿಮೆ ಕಾಲುಭಾಗ ಪ್ರೋಟೀನು, ಅರ್ಧದ ಹತ್ತಿರ ಎಣ್ಣೆ. ಒಂದು ಹಿಡಿ ಹಿಂಡಿ ಊಟವನ್ನು ಊಟವಾಗಿಸುವುದು ಹೀಗೆ.

---

ಇಂಗ್ಲೆಂಡಿನ ಡೈರಿ, ಮಿಸ್ಸೂರಿಯ ಯಂತ್ರ

• ಇತಿಹಾಸಕಾರ ಎಡ್ವರ್ಡ್ ಗಿಬ್ಬನ್ 1762ರ ನವೆಂಬರ್ 24ರ ದಿನಚರಿಯಲ್ಲಿ, ಲಂಡನ್ನಿನ ಕ್ಲಬ್ಬೊಂದರಲ್ಲಿ ದೊಡ್ಡ ಮನುಷ್ಯರು ಸ್ಯಾಂಡ್‌ವಿಚ್ ತಿನ್ನುತ್ತಿದ್ದುದನ್ನು ಬರೆದಿಟ್ಟ. ತಿಂಡಿಗೆ ಹೆಸರು ಕೊಟ್ಟ ನಾಲ್ಕನೆಯ ಅರ್ಲ್ ಆಫ್ ಸ್ಯಾಂಡ್‌ವಿಚ್, ಜಾನ್ ಮಾಂಟೆಗು (1718–1792) ಆಗ ನಡುಹರೆಯದವನು.

• ಬ್ರೆಡ್ಡನ್ನು ಕಾರ್ಖಾನೆಯಲ್ಲೇ ಹೋಳು ಮಾಡಿ ಮಾರುವುದು ಶುರುವಾದದ್ದು 1928ರ ಜುಲೈ 7ರಂದು, ಅಮೆರಿಕದ ಮಿಸ್ಸೂರಿ ರಾಜ್ಯದ ಚಿಲಿಕೋತಿ ಪಟ್ಟಣದಲ್ಲಿ. ಯಂತ್ರ ಕಟ್ಟಿದವನು ಒಟೊ ರೋವೆಡ್ಡರ್.

• ಯುದ್ಧಕಾಲದ ಉಳಿತಾಯಕ್ಕೆಂದು ಅಮೆರಿಕ ಸರ್ಕಾರ 1943ರ ಜನವರಿಯಲ್ಲಿ ಹೋಳು ಬ್ರೆಡ್ಡಿಗೆ ನಿಷೇಧ ಹೇರಿತು. ಗೃಹಿಣಿಯರ ಸಿಟ್ಟಿಗೆ ಮಾರ್ಚ್‌ನಲ್ಲೇ ಹಿಂದೆಗೆದುಕೊಂಡಿತು.

---

ಜ್ವರದವರ ಬ್ರೆಡ್ಡು ತಟ್ಟೆಗೆ ಬಂದ ಬಗೆ

ಈ ಕಡೆಯ ಹಿರಿಯರಿಗೆ ಬ್ರೆಡ್ಡು ಅಂದರೆ ಜ್ವರ. ಹಾಲಿನಲ್ಲಿ ಅದ್ದಿ ರೋಗಿಗೆ ತಿನ್ನಿಸುವ ಪಥ್ಯ. ಕಾಗವಾಡ, ಅಥಣಿ, ರಾಯಬಾಗದವರು ದೊಡ್ಡ ಕಾಯಿಲೆ ಬಿದ್ದರೆ ಓಡುತ್ತಿದ್ದುದು ಗಡಿಯಾಚೆಯ ಮೀರಜಕ್ಕೆ. ಅಲ್ಲಿನ ವಾನ್ಲೆಸ್ ಆಸ್ಪತ್ರೆ 1894ರಷ್ಟು ಹಳೆಯದು. ಮಲಗಿದವನಿಗೆ ಬ್ರೆಡ್ಡು-ಹಾಲು, ಪಕ್ಕದಲ್ಲಿ ಕೂತವನಿಗೆ ಊರಿಂದ ಕಟ್ಟಿಕೊಂಡು ಬಂದ ರೊಟ್ಟಿ. ಆರೋಗ್ಯವಂತರು ಬ್ರೆಡ್ಡು ತಿಂದರೆ ‘ಏನಾಗೇತೋ ಅವ್ನಿಗೆ?’ ಅನ್ನುವ ಕಾಲವೊಂದಿತ್ತು.

ಆ ಕಳಂಕ ತೊಳೆದದ್ದರಲ್ಲಿ ಕೊಲ್ಹಾಪುರದ ಮಿಸಳಿಗೂ ಪಾಲಿದೆ. ಮುಂಬೈ, ಪುಣೆಯಲ್ಲಿ ಮಿಸಳ್ ಜೊತೆ ಪಾವ್ ಬಂದರೆ, ಕೊಲ್ಹಾಪುರದಲ್ಲಿ ಬರುವುದು ಬ್ರೆಡ್ಡಿನ ದಪ್ಪ ಹೋಳು. ಸಂತೆಗೋ ಸಿನಿಮಾಕ್ಕೋ ಕೊಲ್ಹಾಪುರಕ್ಕೆ ಹೋದ ನಿಪ್ಪಾಣಿ, ಚಿಕ್ಕೋಡಿಯವರು ಕೆಂಪು ಕಟ್ಟಿನಲ್ಲಿ ಬ್ರೆಡ್ಡು ಅದ್ದಿ ತಿಂದು, ಮೂಗು ಒರೆಸಿಕೊಂಡು ಬಂದರು. ಜ್ವರದ ಪಥ್ಯ ಜ್ವರ ಬಿಡಿಸುವ ಖಾರವಾಯಿತು.

ದೇಶದ ಮಟ್ಟದಲ್ಲಿ ಹೋಳು ಬ್ರೆಡ್ಡನ್ನು ಮಧ್ಯಮವರ್ಗದ ಮನೆಗೆ ತಂದದ್ದು ಸರ್ಕಾರವೇ ಅಂದರೆ ಇಂದಿನ ಹುಡುಗರು ನಂಬಲಿಕ್ಕಿಲ್ಲ. 1965ರಲ್ಲಿ ಕೇಂದ್ರ ಸರ್ಕಾರ ಮಾಡರ್ನ್ ಬೇಕರೀಸ್ ಸ್ಥಾಪಿಸಿತು. 2000ದಲ್ಲಿ ಹಿಂದೂಸ್ತಾನ್ ಲಿವರ್‌ಗೆ ಮಾರಿತು. ಕರ್ನಾಟಕದ ಮಟ್ಟಿಗೆ ಇನ್ನೊಂದು ದಾರಿಯೂ ಇತ್ತು. 1898ರಲ್ಲಿ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಶುರುವಾದ ಬೆಂಗಳೂರು ಬ್ರದರ್ಸ್ ಬೇಕರಿಯ ಹಾದಿಯಲ್ಲಿ ಬಂದ ಅಯ್ಯಂಗಾರ್ ಬೇಕರಿಗಳು ಮೊಟ್ಟೆ ಮುಟ್ಟದ ಬ್ರೆಡ್ಡು, ಕೇಕಿನ ಭರವಸೆ ಕೊಟ್ಟವು. ಲಿಂಗಾಯತ, ಜೈನ ಮನೆಗಳೇ ಹೆಚ್ಚಿರುವ ಊರಿನಲ್ಲಿ ಆ ಭರವಸೆಗೆ ಬೆಲೆ ದೊಡ್ಡದು.

ಸ್ಯಾಂಡ್‌ವಿಚ್ ಬಂದದ್ದು ಇನ್ನೂ ತಡವಾಗಿ, ಮುಂಬೈನ ಫುಟ್‌ಪಾತಿನಿಂದ. ಬೆಣ್ಣೆ, ಹಸಿರು ಚಟ್ನಿ, ಸವತಿಕಾಯಿ, ಟೊಮೆಟೊ, ಉಳ್ಳಾಗಡ್ಡಿ, ಬೇಯಿಸಿದ ಬಟಾಟಿ ಮತ್ತು ಬೀಟ್‌ರೂಟು, ಮೇಲೆ ಚಾಟ್ ಮಸಾಲೆ. ಆ ಗಾಡಿಯವರ ಕೈಚಳಕ ನೋಡುವಂಥದ್ದೇ. ಆದರೆ ಅಲ್ಲಿ ಮಾಡಿದ್ದು ಅಲ್ಲೇ ಖಾಲಿಯಾಗುತ್ತದೆ, ಗಿರಾಕಿ ನಿಂತಲ್ಲೇ ತಿನ್ನುತ್ತಾನೆ. ಡಬ್ಬಿಗೆ ಹಾಕಿ ಸಾಲಿಗೋ ಆಫೀಸಿಗೋ ಕಳಿಸುವ ಕಷ್ಟ ಅವನಿಗಿಲ್ಲ. ಮನೆಯಲ್ಲಿ ಆ ಕಷ್ಟ ಇದೆ, ಬುತ್ತಿಯ ಕಟ್ಟಳೆ ಬೇಕಾಗುವುದು ಅಲ್ಲೇ.

ಮೊದಲು ಚಕ್ಕಾ

ಶ್ರೀಖಂಡ ಮಾಡುವ ಈ ಸೀಮೆಯ ಮನೆಗಳಲ್ಲಿ ಚಕ್ಕಾ ಅಂದರೆ ಯಾರಿಗೂ ವಿವರಿಸಬೇಕಿಲ್ಲ. ಮೊಸರನ್ನು ತೆಳು ಬಟ್ಟೆಯಲ್ಲಿ ಕಟ್ಟಿ ತೂಗುಹಾಕಿ, ನೀರೆಲ್ಲ ಸೋರಿದ ಮೇಲೆ ಉಳಿಯುವ ಗಟ್ಟಿ. ಬೆಳಗಾವಿ, ಕೊಲ್ಹಾಪುರ, ಸೊಲ್ಲಾಪುರ ಸೀಮೆಯದೇ ತಳಿಯಾದ, ಕತ್ತಿಯಂತೆ ಉದ್ದ ಕೋಡಿನ ಪಂಢರಪುರಿ ಎಮ್ಮೆಯ ಹಾಲಿನ ಮೊಸರು ಸಿಕ್ಕರೆ ಕೇಳುವುದೇ ಬೇಡ. ಜಿಡ್ಡು ಹೆಚ್ಚು, ಚಕ್ಕಾ ಬೆಣ್ಣೆಯ ಹಾಗೆ ಹರಡುತ್ತದೆ.

ಅರ್ಧ ಲೀಟರು ಗಟ್ಟಿ ಮೊಸರು ಕಟ್ಟಿದರೆ ಕಾಲು ಕಿಲೋದ ಆಜುಬಾಜು ಚಕ್ಕಾ ಸಿಗುತ್ತದೆ. ಚಳಿಗಾಲದಲ್ಲಿ ಅಡುಗೆಮನೆಯ ಮೊಳೆಗೆ ತೂಗುಹಾಕಿದರಾಯಿತು. ಬೇಸಿಗೆಯಲ್ಲಿ ಹೊರಗೆ ಬಿಟ್ಟರೆ ಹುಳಿಯೇರಿ ಮುಖ ಕಿವುಚುವಂತಾಗುತ್ತದೆ. ಜರಡಿಯ ಮೇಲೆ ಬಟ್ಟೆ ಹಾಸಿ, ಕೆಳಗೊಂದು ಪಾತ್ರೆಯಿಟ್ಟು, ರಾತ್ರಿ ಫ್ರಿಜ್ಜಿನಲ್ಲಿಡುವುದು ಲೇಸು. ಸೋರಿದ ತಿಳಿನೀರನ್ನು ಚೆಲ್ಲಬಾರದು, ಸಂಜೆಯ ಚಪಾತಿ ಹಿಟ್ಟಿಗೆ ಬರುತ್ತದೆ.

ಬಾಟಲಿಯ ಮೆಯೊನೇಸು ಮಾಡುವ ಕೆಲಸವನ್ನೆಲ್ಲ ಈ ಚಕ್ಕಾ ಮಾಡುತ್ತದೆ. ಹುಳಿ ಇದೆ, ಜಿಡ್ಡಿದೆ, ಬ್ರೆಡ್ಡಿಗೆ ಅಂಟುತ್ತದೆ. ಮೊಟ್ಟೆಯಿಲ್ಲದ ಮೆಯೊನೇಸು ಅಂತ ಹುಡುಕಿಕೊಂಡು ಅಂಗಡಿಗೆ ಹೋಗುವ ಗೊಡವೆಯೂ ಇಲ್ಲ.

ಆಮೇಲೆ ಸವತಿಕಾಯಿ. ಬಿಲ್ಲೆಗಳನ್ನು ತೆಳ್ಳಗೆ ಹೆಚ್ಚಿ, ಚಿಟಿಕೆ ಉಪ್ಪು ಸವರಿ, ಓರೆಯಾಗಿಸಿದ ತಟ್ಟೆಯಲ್ಲಿ ಹತ್ತು ನಿಮಿಷ ಬಿಡಬೇಕು. ತಟ್ಟೆಯ ತಗ್ಗಿನಲ್ಲಿ ನೀರು ನಿಂತದ್ದು ಕಣ್ಣಿಗೇ ಕಾಣುತ್ತದೆ: ಇಲ್ಲದಿದ್ದರೆ ಬ್ರೆಡ್ಡಿನೊಳಗೆ ಹೋಗುತ್ತಿದ್ದ ನೀರು. ಬಿಲ್ಲೆಗಳನ್ನು ಒಣ ಅರಿವೆಯಲ್ಲಿ ಒತ್ತಿ ತೆಗೆದರೆ ಗರಿಗರಿ ಉಳಿಯುತ್ತದೆ, ತೇವ ಹೋಗುತ್ತದೆ. ಉಪ್ಪು ಅಲ್ಲೇ ಸೇರಿದ್ದರಿಂದ ಮತ್ತೆ ಹಾಕುವ ಮಾತಿಲ್ಲ. ಟೊಮೆಟೊ ಬೇಕೇ ಬೇಕೆಂದರೆ ಒಳಗಿನ ಬೀಜ-ರಸ ಬಳಿದು ತೆಗೆದು ಹೊರಗಿನ ಗಟ್ಟಿ ತಿರುಳನ್ನಷ್ಟೇ ಬಳಸಬೇಕು. ಗಜ್ಜರಿ, ಬೀಟ್‌ರೂಟನ್ನು ಬೇಯಿಸದೆ ತುರಿದು ಹಿಂಡಿಕೊಂಡರೆ ಸಾಕು. ಡೊಣ್ಣಮೆಣಸಿನಕಾಯಿ, ಎಲೆಕೋಸಿನಿಂದ ಇಂಥ ತೊಂದರೆಯಿಲ್ಲ.

ಇನ್ನು ಹಿಂಡಿ. ಹುರಿದ ಶೇಂಗಾ, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಉಪ್ಪು ಸೇರಿಸಿ ಕುಟ್ಟಿದ್ದು. ಮೆಣಸಿನಕಾಯಿ ಬ್ಯಾಡಗಿಯದಾದರೆ ಬಣ್ಣ. ಪಕ್ಕದ ಹುಕ್ಕೇರಿ ತಾಲ್ಲೂಕಿನ ಸಂಕೇಶ್ವರದ್ದಾದರೆ ಕಣ್ಣಲ್ಲಿ ನೀರು. ಮಿಕ್ಸಿಯಲ್ಲಿ ಜಾಸ್ತಿ ತಿರುವಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ, ಕುಟ್ಟಾಣಿಯಲ್ಲಿ ಕುಟ್ಟಿದರೆ ತರಿತರಿ ಉಳಿಯುತ್ತದೆ. ಸ್ಯಾಂಡ್‌ವಿಚ್‌ಗೆ ಬೇಕಾದದ್ದು ಆ ತರಿಯೇ. ಚಕ್ಕಾದ ಮೇಲೆ ಉದುರಿಸಿದ ಹಿಂಡಿ, ತರಕಾರಿ ಆಮೇಲೆ ಬಿಡುವ ಅಷ್ಟಿಷ್ಟು ನೀರನ್ನು ಕುಡಿದು ತಾನೇ ಚಟ್ನಿಯಾಗುತ್ತದೆ. ಬ್ರೆಡ್ಡಿನವರೆಗೆ ನೀರು ಮುಟ್ಟುವುದೇ ಇಲ್ಲ. ಮುಂಬೈನ ಹಸಿರು ಚಟ್ನಿ ರುಚಿಯಲ್ಲಿ ಕಡಿಮೆಯೇನಲ್ಲ. ಈ ಒಂದು ಕೆಲಸ ಅದರಿಂದಾಗದು, ಅದೇ ಒದ್ದೆ.

ಜೋಡಿಸುವ ಕ್ರಮಕ್ಕೂ ಅರ್ಥವಿದೆ. ಎರಡೂ ಹೋಳಿನ ಒಳಮೈಗೆ ಅಂಚಿನವರೆಗೂ ಬೆಣ್ಣೆಯನ್ನು ತೆಳ್ಳಗೆ ಸವರಬೇಕು; ಜಿಡ್ಡಿನ ಪದರ ದಾಟಿ ನೀರು ಇಳಿಯದು. ಅಂಚಿಗೆ ಹಚ್ಚದೆ ನಡುವಿಗಷ್ಟೇ ಗುಡ್ಡೆ ಹಾಕುವುದು ಮಕ್ಕಳು ಮಾಡುವ ತಪ್ಪು, ದೊಡ್ಡವರದ್ದೂ ಹೌದು. ಅದರ ಮೇಲೆ ಚಕ್ಕಾ, ಹಿಂಡಿ, ಸವತಿಕಾಯಿ, ಉಳ್ಳಾಗಡ್ಡಿ, ಒಂದು ಹಿಡಿ ಮೆಂತೆ ತಪ್ಪಲ ಅಥವಾ ಕೊತ್ತಂಬರಿ. ಹಸಿ ಮೆಂತೆಯ ಕಹಿ ಎಮ್ಮೆಮೊಸರಿನ ಜಿಡ್ಡನ್ನು ಕತ್ತರಿಸುತ್ತದೆ. ಇದನ್ನು ಬಿಟ್ಟರೆ ಅರ್ಧ ಮಜಾ ಹೋಯಿತು. ಮೇಲಿನ ಹೋಳು ಮುಚ್ಚಿ, ತಟ್ಟೆಯೊಂದನ್ನು ಹೇರಿ ಎರಡು ನಿಮಿಷ ಬಿಟ್ಟು ಕೊಯ್ದರೆ ಒಳಗಿನದ್ದು ಜಾರುವುದಿಲ್ಲ.

---

ಇಬ್ಬರಿಗೆ ಬೇಕಾದದ್ದು

ಬ್ರೆಡ್ಡು 4 ಹೋಳು, ಬೆಣ್ಣೆ 2 ಚಮಚ, ಚಕ್ಕಾ 4 ದೊಡ್ಡ ಚಮಚ, ಶೇಂಗಾ ಹಿಂಡಿ 2 ದೊಡ್ಡ ಚಮಚ, ಎಳೆ ಸವತಿಕಾಯಿ 1, ಸಣ್ಣ ಉಳ್ಳಾಗಡ್ಡಿ 1, ಬಿಡಿಸಿದ ಮೆಂತೆ ಅಥವಾ ಕೊತ್ತಂಬರಿ 1 ಹಿಡಿ, ಅರ್ಧ ಲಿಂಬೆ.

ಸೊಪ್ಪನ್ನು ಎರಡು-ಮೂರು ನೀರಲ್ಲಿ ತೊಳೆದು ಪೂರ್ತಿ ಆರಿಸಬೇಕು. ಮೊಳಕೆ ಕಾಳು ಹಾಕುವ ಆಸೆಯಿದ್ದರೆ ಹಸಿಯಾಗಿ ಬೇಡ: ಮೊಳಕೆ ಬರಿಸುವ ಬೆಚ್ಚನೆಯ ತೇವದಲ್ಲಿ ರೋಗಾಣುಗಳೂ ಬೆಳೆಯುತ್ತವೆ. ಬದಲಿಗೆ ಕೋಸಂಬರಿಗೆ ನೆನೆಸಿದಂತೆ ಹೆಸರುಬೇಳೆ ನೆನೆಸಿ, ಬಸಿದು ಹಾಕಬಹುದು.

---

ಉಳ್ಳಾಗಡ್ಡಿ ಇಲ್ಲದ ಪಾಠ

ಸಸ್ಯಾಹಾರಿ ಅಂದ ಮಾತ್ರಕ್ಕೆ ಈ ಸೀಮೆಯಲ್ಲಿ ಮಾತು ಮುಗಿಯುವುದಿಲ್ಲ. ಯಾರ ಸಸ್ಯಾಹಾರ ಎಂದು ಕೇಳಬೇಕು.

ಜೈನ ಧರ್ಮದ ಇಪ್ಪತ್ತನೆಯ ಶತಮಾನದ ದೊಡ್ಡ ದಿಗಂಬರ ಮುನಿಗಳಲ್ಲಿ ಇಬ್ಬರು ಹುಟ್ಟಿದ್ದು ಇಲ್ಲೇ. ಆಚಾರ್ಯ ವಿದ್ಯಾನಂದರು 1925ರಲ್ಲಿ, ಇಂದಿನ ಕಾಗವಾಡ ತಾಲ್ಲೂಕಿನ ಶೇಡಬಾಳದಲ್ಲಿ. ಆಚಾರ್ಯ ವಿದ್ಯಾಸಾಗರರು 1946ರಲ್ಲಿ, ಸದಲಗಾದಲ್ಲಿ. 2024ರ ಫೆಬ್ರುವರಿಯಲ್ಲಿ ದೇಹ ಬಿಟ್ಟ ವಿದ್ಯಾಸಾಗರರು ಉಪ್ಪು, ಸಕ್ಕರೆಯನ್ನೂ ತ್ಯಜಿಸಿದ್ದವರು. ಗೃಹಸ್ಥರಿಗೆ ಅಷ್ಟು ಕಟ್ಟುನಿಟ್ಟು ಇಲ್ಲ, ಆದರೂ ಆಚಾರವಂತ ಮನೆಗಳಲ್ಲಿ ಗಡ್ಡೆ-ಗೆಣಸು ಒಳಗೆ ಬರುವುದಿಲ್ಲ. ಉಳ್ಳಾಗಡ್ಡಿ, ಬೆಳ್ಳುಳ್ಳಿ, ಬಟಾಟಿ, ಗಜ್ಜರಿ, ಬೀಟ್‌ರೂಟು ಎಲ್ಲ ಹೊರಗೆ. ಮುಂಬೈ ಸ್ಯಾಂಡ್‌ವಿಚ್‌ನ ಅರ್ಧ ಸಾಮಾನು ಅಲ್ಲಿಗೇ ಖೋತಾ!

ಚಾತುರ್ಮಾಸದಲ್ಲಿ ಸೊಪ್ಪೂ ಬೇಡ ಅನ್ನುವವರಿದ್ದಾರೆ. ದ್ವಿದಳ ಧಾನ್ಯವನ್ನು ಮೊಸರಿನ ಜೊತೆ ಬೆರೆಸಬಾರದೆಂಬ ನಿಯಮ ಪಾಲಿಸುವವರು ಚಕ್ಕಾ ಹಚ್ಚಿದ ಮೇಲೆ ಕಡಲೆಹಿಟ್ಟಿನ ಸೇವು ಉದುರಿಸುವುದಿಲ್ಲ, ನೆನೆಸಿದ ಹೆಸರುಬೇಳೆಯನ್ನೂ ಹಾಕುವುದಿಲ್ಲ. ಹುಳಿ ಬರಿಸಿದ್ದೆಂದು ಬ್ರೆಡ್ಡನ್ನೇ ಮುಟ್ಟದವರೂ ಉಂಟು. ರಾತ್ರಿಯೂಟವಂತೂ ಇಲ್ಲವೇ ಇಲ್ಲ. ಹೊತ್ತು ಮುಳುಗುವ ಮುನ್ನ ಗಡಿಬಿಡಿಯಲ್ಲಿ ಒಂದು ತುತ್ತು ಆಗಬೇಕಾದಾಗ ಒಲೆ ಹಚ್ಚದ ಊಟಕ್ಕೆ ಬೆಲೆ ಬರುತ್ತದೆ.

ಹೀಗೆ ಒಂದೊಂದೇ ಕಳೆದರೆ ಉಳಿಯುವುದೇನು? ಅಂದೇ ತಟ್ಟಿದ ಜೋಳದ ರೊಟ್ಟಿ, ಬೆಣ್ಣೆ, ಸವತಿಕಾಯಿ, ಹಸಿಮೆಣಸಿನಕಾಯಿ, ಜೀರಿಗೆ, ಲಿಂಬೆ. ಬೆಳ್ಳುಳ್ಳಿಯ ಜಾಗಕ್ಕೆ ಇಂಗು ಹಾಕಿದ ಹಿಂಡಿ. ಬಡವಾಗಬೇಕಿತ್ತು, ಆಗುವುದಿಲ್ಲ. ಉಳ್ಳಾಗಡ್ಡಿಯ ಘಾಟು ಇಲ್ಲದಾಗ ಎಳೆ ಸವತಿಕಾಯಿಯ ತಂಪು ಮುಂದೆ ಬರುತ್ತದೆ, ಜೀರಿಗೆಯ ಘಮ ನಾಲಿಗೆಗೆ ತಾಗುತ್ತದೆ. ಹತ್ತು ಬಗೆ ತುರುಕಿದ ಸ್ಯಾಂಡ್‌ವಿಚ್‌ನಲ್ಲಿ ಯಾವುದರ ರುಚಿಯೂ ತಿಳಿಯದು ಎಂಬ ದೂರಿಗೆ ಉತ್ತರ ಈ ಜೈನ ಬುತ್ತಿಯಲ್ಲಿದೆ. ನೀರೂ ಇಲ್ಲಿ ಕಡಿಮೆ, ಹಾಗಾಗಿ ಡಬ್ಬಿಯಲ್ಲಿ ಹೆಚ್ಚು ಹೊತ್ತು ತಾಳುವುದೂ ಇದೇ.

---

ಬ್ರೆಡ್ಡು ಕೊಳ್ಳುವಾಗ

• ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ (ಸಿಎಸ್‌ಇ) 2016ರ ಮೇನಲ್ಲಿ ಪ್ರಕಟಿಸಿದ ವರದಿಯಲ್ಲಿ, ಪರೀಕ್ಷಿಸಿದ 38 ಬ್ರೆಡ್ಡು, ಪಾವ್, ಬನ್ನುಗಳ ಮಾದರಿಗಳಲ್ಲಿ ಶೇ 84ರಲ್ಲಿ ಪೊಟ್ಯಾಸಿಯಂ ಬ್ರೊಮೇಟ್ ಅಥವಾ ಅಯೊಡೇಟ್ ಕಂಡುಬಂತು. ಮರುತಿಂಗಳೇ ಆಹಾರ ಸುರಕ್ಷತಾ ಪ್ರಾಧಿಕಾರ (ಎಫ್ಎಸ್ಎಸ್ಎಐ) ಬ್ರೊಮೇಟ್ ನಿಷೇಧಿಸಿತು.

• ಕಂದು ಬಣ್ಣವೆಲ್ಲ ಗೋಧಿಯದಲ್ಲ, ಕ್ಯಾರಮೆಲ್‌ನದ್ದೂ ಇರಬಹುದು. ಪೊಟ್ಟಣದ ಹಿಂದೆ ಸಾಮಗ್ರಿಗಳನ್ನು ತೂಕದಲ್ಲಿ ಹೆಚ್ಚಿರುವುದರಿಂದ ಕಡಿಮೆಗೆ ಬರೆದಿರುತ್ತಾರೆ. ಮೊದಲ ಹೆಸರು ಮೈದಾ ಆಗಿದ್ದರೆ ಅದು ಮೈದಾ ಬ್ರೆಡ್ಡೇ.

• ಫ್ರಿಜ್ಜಿನಲ್ಲಿಟ್ಟ ಬ್ರೆಡ್ಡಿಗೆ ಬೂಸ್ಟು ತಡವಾಗಿ ಬರುತ್ತದೆ, ಆದರೆ ತಂಪಿನಲ್ಲಿ ಪಿಷ್ಟ ಬೇಗ ಗಟ್ಟಿಯಾಗಿ ಹೋಳು ಒರಟಾಗುತ್ತದೆ. ಒಲೆ ಹಚ್ಚದ ಸ್ಯಾಂಡ್‌ವಿಚ್‌ಗೆ ಅಂದಿನದೇ, ಹೊರಗಿಟ್ಟ ಬ್ರೆಡ್ಡು ಒಳ್ಳೆಯದು.

---

ಸಿಹಿಯದ್ದೂ ಒಂದು

ಅಥಣಿ ಕಡೆ ದ್ರಾಕ್ಷಿ ಒಣಗಿಸುವ ಶೆಡ್ಡುಗಳಲ್ಲಿ ಬೇಸಿಗೆಯೆಂದರೆ ಒಣದ್ರಾಕ್ಷಿಯ ಕಾಲ. ನಿಪ್ಪಾಣಿ, ಚಿಕ್ಕೋಡಿ ಕಡೆ ಬೆಲ್ಲಕ್ಕೆ ಬರವಿಲ್ಲ. ಬೆಣ್ಣೆ-ಬೆಲ್ಲ ಹಚ್ಚಿದ ರೊಟ್ಟಿಯ ಸುರುಳಿ ಇಲ್ಲಿನ ಮಕ್ಕಳಿಗೆ ಗೊತ್ತಿರುವ ಹಳೆಯ ತಿಂಡಿ. ಅದೇ ಜಾಡಿನಲ್ಲಿ ಬ್ರೆಡ್ಡಿಗೆ ಚಕ್ಕಾ ಹಚ್ಚಿ, ಪುಡಿಬೆಲ್ಲ, ಏಲಕ್ಕಿ ಉದುರಿಸಿ, ಒಣದ್ರಾಕ್ಷಿಯನ್ನು ಎರಡಾಗಿ ಸೀಳಿ ಇಟ್ಟು ಮುಚ್ಚಬಹುದು. ಸಕ್ಕರೆ ಬೆರೆಸಿದರೆ ಅದು ಶ್ರೀಖಂಡದ ಸ್ಯಾಂಡ್‌ವಿಚ್ಚು. ರುಚಿಯೇನೋ ಸರಿ, ನೀರೊಡೆಯುವುದೂ ಬೇಗ. ಬೆಲ್ಲವನ್ನೂ ತಿನ್ನುವ ಹೊತ್ತಿಗೇ ಉದುರಿಸುವುದು ಜಾಣತನ, ಏಕೆಂದರೆ ಬೆಲ್ಲವೂ ತೇವ ಎಳೆಯುತ್ತದೆ.

ಖಡಕ್ ರೊಟ್ಟಿಯನ್ನು ನೆನೆಸದೆ ಹಾಗೇ ಬಳಸುವ ಬಗೆಯೂ ಒಂದಿದೆ. ಮುರಿದ ತುಂಡುಗಳ ಮೇಲೆ ಚಕ್ಕಾ, ಹಿಂಡಿ, ಹೆಚ್ಚಿದ ಉಳ್ಳಾಗಡ್ಡಿ ಇಟ್ಟು ತೆರೆದ ಸ್ಯಾಂಡ್‌ವಿಚ್‌ನಂತೆ ಬಾಯಿಗೆ ಹಾಕಿಕೊಳ್ಳುವುದು. ನೆಂಟರೆದುರು ಇದನ್ನಿಡಲು ಸಂಕೋಚಪಡುವ ಮನೆಗಳು, ಹೋಟೆಲಿನಲ್ಲಿ ಇಂಥದ್ದನ್ನೇ ‘ಸ್ಟಾರ್ಟರ್’ ಅಂತ ತಂದಿಟ್ಟರೆ ಫೋಟೊ ತೆಗೆದುಕೊಳ್ಳುತ್ತವೆ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷವೆಂದು ಸಾರಿದ ಮೇಲಂತೂ ಜೋಳಕ್ಕೆ ಪೇಟೆಯಲ್ಲಿ ಮಾನ ಹೆಚ್ಚಿದೆ.

ಬಸ್ಸಿಗೆ ಯಾವುದು?

ಕಟ್ಟಿಕೊಂಡು ಹೋಗುವವರು ಎರಡು ಸಂಗತಿ ಗಮನಿಸಬೇಕು. ಮೊದಲನೆಯದು ಸುತ್ತುವ ಕಾಗದ. ಬಿಸಿ ವಡೆಯಿಂದ ಹಿಡಿದು ಬ್ರೆಡ್ಡಿನವರೆಗೆ ಎಲ್ಲವನ್ನೂ ಹಳೇ ಪೇಪರಿನಲ್ಲಿ ಸುತ್ತುವ ರೂಢಿ ಬಿಡಬೇಕೆಂದು ಎಫ್ಎಸ್ಎಸ್ಎಐ ಹಲವು ಸಲ ಎಚ್ಚರಿಸಿದೆ. ಅಚ್ಚಿನ ಮಸಿ ತಿಂಡಿಗೆ ಇಳಿಯುತ್ತದೆ. (ಈ ಪುರವಣಿಗೂ ಆ ಮಾತು ಅನ್ವಯ.) ರೊಟ್ಟಿ ಸುತ್ತುವ ಬಿಳಿ ಹತ್ತಿ ಅರಿವೆಯೇ ಸ್ಯಾಂಡ್‌ವಿಚ್‌ಗೂ ಸರಿ. ಮೇಲೆ ಡಬ್ಬಿ ಇದ್ದರೆ ಜಜ್ಜುವುದಿಲ್ಲ.

ಎರಡನೆಯದು ಹೊತ್ತು. ಬೇಗ ಕೆಡುವ ತಿನಿಸನ್ನು ಹೊರಗೆ ಎರಡು ತಾಸಿಗಿಂತ ಹೆಚ್ಚು ಇಡಬಾರದು, ಬಿಸಿಲು 32 ಡಿಗ್ರಿ ಸೆಲ್ಸಿಯಸ್ ದಾಟಿದರೆ ಒಂದೇ ತಾಸು ಎನ್ನುವುದು ಅಮೆರಿಕದ ಕೃಷಿ ಇಲಾಖೆಯ ಲೆಕ್ಕ. ಅಥಣಿಯ ಏಪ್ರಿಲ್ ಆ 32ನ್ನು ಬೆಳಗಿನ ಚಹಾ ಮುಗಿದು ಸ್ವಲ್ಪ ಹೊತ್ತಿಗೇ ದಾಟುತ್ತದೆ. ಹಾಗಾಗಿ ಚಿಕ್ಕೋಡಿಯಲ್ಲಿ ಬಸ್ಸು ಹತ್ತಿ ಪುಣೆಗೆ ಹೊರಟವರು ಎರಡು ಬಗೆ ಕಟ್ಟಿಕೊಂಡು ಹೋಗಬೇಕು. ಚಕ್ಕಾ ಹಚ್ಚಿದ್ದನ್ನು ನಿಪ್ಪಾಣಿ ಸ್ಟ್ಯಾಂಡಿನಲ್ಲೇ ತಿಂದು ಮುಗಿಸುವುದು; ಕೊಲ್ಹಾಪುರ, ಸಾತಾರಾ ದಾಟಿದ ಮೇಲೆ ಬಿಚ್ಚುವುದಕ್ಕೆ ಬೆಣ್ಣೆ-ಹಿಂಡಿ ಹಚ್ಚಿದ್ದು ಮತ್ತು ಹೆಚ್ಚದ ಒಂದು ಸವತಿಕಾಯಿ.